ಮಲೆನಾಡಿನಲ್ಲಿ ರಾ ಡೆನಿಮ್: ಬಣ್ಣ ಬಿಡುವುದರಿಂದ ತೇಪೆ ಹಾಕುವವರೆಗೆ

ರಾ ಡೆನಿಮ್ ಅಂದರೆ ಹೊಲಿದ ಮೇಲೆ ಒಗೆಯದೆ ಹಾಗೇ ಮಾರುವ, ಹಾಕುತ್ತಾ ಹಾಕುತ್ತಾ ಮಡಿಕೆಗಳಲ್ಲಿ ಬಿಳಿ ಗೆರೆ ಮೂಡುವ ಜೀನ್ಸ್. ಅದರ ಬಗ್ಗೆ ಎಲ್ಲೇ ಹುಡುಕಿದರೂ ಮೊದಲು ಸಿಗುವ ಸಲಹೆ ಒಂದೇ: ಆರು ತಿಂಗಳು ಒಗೆಯಬೇಡಿ. ಕೆಲವರು ಒಂದು ವರ್ಷ ಅಂತಾರೆ. ಹೀಗೆ ಹೇಳುವವರು ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿದವರಲ್ಲ, ಹೊಸನಗರದ ಕಡೆ ವಾರಗಟ್ಟಲೆ ಬಿಸಿಲು ಕಾಣದೆ ಬಟ್ಟೆ ಒಣಗಿಸಿದವರೂ ಅಲ್ಲ. ಅವರ ಮಾತನ್ನು ಹಾಗೇ ಪಾಲಿಸಿದರೆ ನಮ್ಮ ಕಡೆ ಸೊಂಟದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ತೊಡೆಸಂದಿಯಲ್ಲಿ ಬಟ್ಟೆ ಲಡ್ಡಾಗುತ್ತದೆ. ಇನ್ನೂ ಚೆಂದದ ಗೆರೆ ಮೂಡುವ ಮುಂಚೆಯೇ ಪ್ಯಾಂಟು ಕೈಬಿಡುತ್ತದೆ.

ಹಾಗಂತ ಶಿವಮೊಗ್ಗದಲ್ಲಿ ಕೂತು ರಾ ಡೆನಿಮ್ ಆಸೆ ಬಿಡಬೇಕಿಲ್ಲ. ಕ್ಯಾಲೆಂಡರ್ ಮಾತ್ರ ಬೇರೆ ಇಟ್ಟುಕೊಳ್ಳಬೇಕು. ದೀಪಾವಳಿಯಿಂದ ಮುಂಗಾರಿನವರೆಗೆ ಚೆನ್ನಾಗಿ ಹಾಕಿ, ಮಳೆ ಹಿಡಿಯುವ ಮುಂಚೆ ಒಗೆದು ಒಣಗಿಸಿ, ತೂತು ಬೀಳುವ ಮುಂಚೆಯೇ ಹೊಲಿಸಿ. ಇದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ನೋಡೋಣ.

ಬಣ್ಣ ಯಾಕೆ ಹೋಗುತ್ತದೆ

ಡೆನಿಮ್ ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಹಾಸಿನ ನೂಲು ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಬಿಳಿ. ಸಾಮಾನ್ಯವಾಗಿ ಹಾಸಿನ ನೂಲು ಮೂರು ಹೊಕ್ಕುಗಳ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಅದಕ್ಕೇ ಹೊರಗಡೆ ನೀಲಿ ಕಾಣುತ್ತದೆ, ಒಳಗಡೆ ಬಿಳಿ ಕಾಣುತ್ತದೆ, ಹತ್ತಿರದಿಂದ ನೋಡಿದರೆ ಓರೆ ಗೆರೆಗಳು ಕಾಣುತ್ತವೆ. ಈ ಹಾಸು-ಹೊಕ್ಕು ವಿಷಯ ನೆನಪಿಟ್ಟುಕೊಳ್ಳಿ, ರಿಪೇರಿ ಮಾಡುವಾಗ ಇದೇ ಬೇಕಾಗುವುದು.

ಹಾಸಿನ ನೂಲಿಗೆ ಹಾಕುವ ನೀಲಿ ಬಣ್ಣವೇ ಇಂಡಿಗೋ. ಅದು ನೀರಿನಲ್ಲಿ ಕರಗುವುದಿಲ್ಲ. ರಾಸಾಯನಿಕ ಹಾಕಿ ಅದನ್ನು ಕರಗುವ ರೂಪಕ್ಕೆ ತಂದಾಗ ನೀರು ಹಳದಿ-ಹಸಿರು ಇರುತ್ತದೆ. ನೂಲನ್ನು ಅದರಲ್ಲಿ ಮುಳುಗಿಸಿ ಮೇಲೆತ್ತಿದರೆ ಗಾಳಿಯ ಆಮ್ಲಜನಕ ತಾಗಿ ನೀಲಿ ಆಗುತ್ತದೆ. ಮತ್ತೆ ಮುಳುಗಿಸುವುದು, ಮತ್ತೆ ಎತ್ತುವುದು, ಹೀಗೆ ಹಲವು ಸಲ. ಇಷ್ಟೆಲ್ಲ ಮಾಡಿದರೂ ಬಣ್ಣ ನೂಲಿನ ಹೊರಪದರದಲ್ಲೇ ಕೂರುತ್ತದೆ, ಒಳಗಿನ ತಿರುಳು ಬಿಳಿಯಾಗೇ ಉಳಿಯುತ್ತದೆ, ಬದನೆಕಾಯಿ ಹೆಚ್ಚಿದಾಗ ಕಾಣುತ್ತಲ್ಲ, ಹಾಗೆ. ಉಜ್ಜಿದ ಕಡೆ ಹೊರಪದರ ಸವೆದು ಬಿಳಿ ಮೇಲೆ ಬರುತ್ತದೆ. ಫೇಡ್ ಅಂದರೆ ಇಷ್ಟೇ, ನೀವು ಎಲ್ಲಿ ಉಜ್ಜುತ್ತೀರೋ ಅಲ್ಲಿ ಬಿಳಿ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಫೇಡ್ ಆಗುವುದೂ ಸವೆಯುವುದೂ ಒಂದೇ ಕೆಲಸ. ಚೆಂದ ಬಿಳಿಯಾದ ಜಾಗ ಅಂದರೆ ಅಷ್ಟರಮಟ್ಟಿಗೆ ತೆಳ್ಳಗಾದ ಜಾಗ. ಎರಡು, ವಿನಿಗರ್ ಅಥವಾ ಉಪ್ಪುನೀರಿನಲ್ಲಿ ನೆನೆಸಿ ಬಣ್ಣ ಗಟ್ಟಿ ಮಾಡಿ ಅಂತ ಕೆಲವರು ಹೇಳುವುದು ಸುಮ್ನೆ. ಇಂಡಿಗೋ ಹಿಡಿದುಕೊಳ್ಳುವ ರೀತಿಯೇ ಬೇರೆ, ಅದಕ್ಕೆ ವಿನಿಗರ್ ಏನೂ ಮಾಡುವುದಿಲ್ಲ. ಆ ವಿನಿಗರ್ ಉಪ್ಪಿನಕಾಯಿಗೆ ಇರಲಿ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಜೀನ್ಸೂ ಹೊಲಿದಾಗ ರಾ ಆಗೇ ಇರುತ್ತದೆ. ಆಮೇಲೆ ಅದನ್ನು ವಾಷಿಂಗ್ ಘಟಕಕ್ಕೆ ಕಳಿಸಿ ಪ್ಯೂಮಿಸ್ ಕಲ್ಲಿನ ಜೊತೆ ತಿರುಗಿಸುತ್ತಾರೆ, ಎಂಜೈಮ್ ಹಾಕುತ್ತಾರೆ, ತೊಡೆಯ ಮೇಲೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸುತ್ತಾರೆ. ನಮ್ಮ ರಾಜ್ಯದಲ್ಲಿ ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲೂ ಹೊಲಿಗೆಯ ಜೊತೆಗೇ ವಾಷಿಂಗ್ ಘಟಕಗಳು ಬೆಳೆದಿವೆ. ಮರಳು ಊದಿ ಫೇಡ್ ಮಾಡುವ ಪದ್ಧತಿಯಿಂದ ಕೆಲಸಗಾರರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಬಂದು ಟರ್ಕಿ 2009ರಲ್ಲಿ ಅದನ್ನು ನಿಷೇಧಿಸಿತು. ಇಷ್ಟೆಲ್ಲ ಮಾಡದೆ ಹಾಗೇ ಬಿಟ್ಟ ಜೀನ್ಸೇ ರಾ ಡೆನಿಮ್. ಫೇಡ್ ಮಾಡುವ ಕೆಲಸ ನಿಮ್ಮದು.

ಕೊಳ್ಳುವಾಗ

ಅಂಗಡಿಯವರನ್ನು ರಾ ಅಂತ ಕೇಳಿದರೆ ಕೆಲವೊಮ್ಮೆ ಕಡುನೀಲಿ ಬಣ್ಣದ ಯಾವುದೋ ಪ್ಯಾಂಟ್ ತೋರಿಸುತ್ತಾರೆ. ಅನ್‌ವಾಶ್ಡ್ ಅಂತ ಕೇಳಿ. ಆಮೇಲೆ ಕೈಯಲ್ಲಿ ಹಿಡಿದು ನೋಡಿ. ರಾ ಡೆನಿಮ್ ಗಂಜಿ ಹಾಕಿದ ಬಟ್ಟೆಯಷ್ಟು ಬಿರುಸು ಇರುತ್ತದೆ, ಯಾಕೆಂದರೆ ನೇಯುವಾಗ ಹಾಸಿನ ನೂಲಿಗೆ ನಿಜಕ್ಕೂ ಗಂಜಿ ಹಾಕಿರುತ್ತಾರೆ. ಬಣ್ಣ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಬಿಳಿ ಕರವಸ್ತ್ರದಿಂದ ಒಳ್ಳೇ ಬಲ ಹಾಕಿ ಉಜ್ಜಿದರೆ ನೀಲಿ ಅಂಟುತ್ತದೆ. ಅಂಟದಿದ್ದರೆ ಅದು ಒಗೆದ ಪ್ಯಾಂಟು.

ತೂಕ ನೋಡಿ. ಡೆನಿಮ್ ತೂಕವನ್ನು ಒಂದು ಚದರ ಗಜಕ್ಕೆ ಎಷ್ಟು ಔನ್ಸ್ ಅಂತ ಹೇಳುತ್ತಾರೆ. 14 ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 475 ಗ್ರಾಂ. 21 ಔನ್ಸಿನ ಬಟ್ಟೆಯೂ ಸಿಗುತ್ತದೆ, ಫೋಟೋದಲ್ಲಿ ಭರ್ಜರಿ ಕಾಣುತ್ತದೆ, ಆದರೆ ಏಪ್ರಿಲ್ ತಿಂಗಳ ಶಿವಮೊಗ್ಗದಲ್ಲಿ ಅದನ್ನು ಹಾಕಿಕೊಂಡು ನೆಹರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬನ್ನಿ, ಆಮೇಲೆ ಮಾತಾಡೋಣ. ದಪ್ಪ ಬಟ್ಟೆ ಒಣಗುವುದೂ ನಿಧಾನ, ಮಲೆನಾಡಿನಲ್ಲಿ ಇದೇ ದೊಡ್ಡ ತೊಂದರೆ. ನನ್ನ ಪ್ರಕಾರ ನಮ್ಮ ಕಡೆಗೆ 12ರಿಂದ 14 ಔನ್ಸ್ ಸಾಕು.

ಲೇಬಲ್ ಓದಿ. ಪೂರ್ತಿ ಹತ್ತಿ ಇರಲಿ. ಎಲಾಸ್ಟೇನ್ ಅನ್ನುವ ಹಿಗ್ಗುವ ಎಳೆ ಸೇರಿದ ಬಟ್ಟೆ ಮೈಗೆ ಹಿತ, ಆದರೆ ಹಿಗ್ಗಿ ಕುಗ್ಗುವುದರಿಂದ ಮಡಿಕೆಗಳು ಒಂದೇ ಜಾಗದಲ್ಲಿ ಕೂರುವುದಿಲ್ಲ, ಗೆರೆ ಚೂಪಾಗಿ ಬರುವುದಿಲ್ಲ, ಹಳತಾದ ಮೇಲೆ ಎಳೆಗಳು ಕಿತ್ತು ಹೊರಗೆ ಬರುತ್ತವೆ. ಇನ್ನೊಂದು ಪದ ಸ್ಯಾನ್‌ಫರೈಸ್ಡ್. ಅಂದರೆ ಗಿರಣಿಯಲ್ಲೇ ಮುಂಚಿತವಾಗಿ ಕುಗ್ಗಿಸಿದ ಬಟ್ಟೆ. ಇದು ಒಗೆದಾಗ ಶೇಕಡ 1ರಿಂದ 3ರಷ್ಟು ಕುಗ್ಗೀತು. ಹಾಗೆ ಮಾಡದ ಬಟ್ಟೆ ಶೇಕಡ 10ರವರೆಗೂ ಕುಗ್ಗಬಹುದು. 32 ಇಂಚಿನ ಕಾಲಿನ ಉದ್ದದಲ್ಲಿ ಇದು ಮೂರು ಇಂಚು! ಮೊದಲ ಸಲ ಕೊಳ್ಳುವವರು ಸ್ಯಾನ್‌ಫರೈಸ್ಡ್ ತಗೊಳ್ಳಿ.

ಸೆಲ್ವೆಡ್ಜ್ ಬಗ್ಗೆ ಒಂದು ಮಾತು. ಹಳೇ ರೀತಿಯ ಲಾಳಿ ಮಗ್ಗದಲ್ಲಿ ಕಿರಿದಾಗಿ ನೇಯ್ದ ಬಟ್ಟೆಗೆ ಮಗ್ಗದಲ್ಲೇ ಅಂಚು ಕಟ್ಟಿರುತ್ತದೆ. ಕಾಲು ಮಡಚಿದಾಗ ಕಾಣುವ ಕೆಂಪು ಗೆರೆ ಅದರದು. ನೋಡಲು ಚೆಂದ. ಅದಿದ್ದ ಮಾತ್ರಕ್ಕೆ ಬಟ್ಟೆ ಜಾಸ್ತಿ ಬಾಳಿಕೆ ಬರುತ್ತದೆ ಅಂತೇನಿಲ್ಲ, ಅದಕ್ಕೆ ಎರಡು ಪಟ್ಟು ದುಡ್ಡು ಕೊಡುವುದು ನಿಮ್ಮ ಖುಷಿ.

ಅಳತೆ ಮಾತ್ರ ಬಿಗಿಯಾಗೇ ಆರಿಸಿ, ಆದರೆ ಸೊಂಟದಲ್ಲಿ. ಹಾಕುತ್ತಾ ಹಾಕುತ್ತಾ ಸೊಂಟ ಒಂದು ಇಂಚಿನವರೆಗೆ ಸಡಿಲ ಆಗುತ್ತದೆ. ತೊಡೆ ಮತ್ತು ತೊಡೆಸಂದಿಯಲ್ಲಿ ಬಿಗಿ ಇದ್ದರೆ ಬೇಡ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರು, ತೋಟದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವವರು ನಾವು. ಕುರ್ಚಿಯಲ್ಲಿ ಮಾತ್ರ ಕೂರುವವರ ಅಳತೆ ನಮಗೆ ಆಗಿಬರುವುದಿಲ್ಲ. ಟ್ರಯಲ್ ರೂಮಿನಲ್ಲಿ ಒಮ್ಮೆ ಪೂರ್ತಿ ಕುಕ್ಕರಿಸಿ ನೋಡಿ, ನಾಚಿಕೆ ಬೇಡ.

ಮೊದಲ ನೆನೆಸುವಿಕೆ

ಸ್ಯಾನ್‌ಫರೈಸ್ಡ್ ಬಟ್ಟೆಯನ್ನು ನೆನೆಸದೆ ಸೀದಾ ಹಾಕಿಕೊಳ್ಳುವವರೇ ಜಾಸ್ತಿ. ಗಂಜಿ ಇದ್ದಷ್ಟು ದಿನ ಮಡಿಕೆ ಚೂಪಾಗಿ ಕೂರುತ್ತದೆ ಅನ್ನುವುದು ಅವರ ಲೆಕ್ಕ, ಲೆಕ್ಕ ಸರಿಯೇ. ಆದರೆ ಬೂಷ್ಟಿಗೆ ಗಂಜಿ ಅಂದರೆ ಹಬ್ಬದೂಟ. ಹಾಗಾಗಿ ನವೆಂಬರಿನಲ್ಲಿ ಕೊಂಡರೆ ನೆನೆಸದೆ ಹಾಕಿ. ಮೇ ತಿಂಗಳಲ್ಲೋ ಮಳೆಗಾಲದಲ್ಲೋ ಕೊಂಡರೆ ಮೊದಲು ಗಂಜಿ ಬಿಡಿಸಿ. ಸ್ಯಾನ್‌ಫರೈಸ್ಡ್ ಅಲ್ಲದ ಬಟ್ಟೆಯಾದರೆ ಯಾವ ಕಾಲವಾದರೂ ನೆನೆಸಲೇಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ, ಅಷ್ಟು ದಿನ ಮೂಡಿದ ಗೆರೆಗಳೆಲ್ಲ ಜಾಗ ತಪ್ಪುತ್ತವೆ.

ಪ್ಯಾಂಟನ್ನು ಒಳಮೈ ಹೊರಗೆ ತಿರುಗಿಸಿ, ಬಟನ್ ಹಾಕಿ. ಕಾಲು ಚಾಚಿ ಮಲಗಿಸುವಷ್ಟು ದೊಡ್ಡ ಟಬ್ ಬೇಕು. ಬಕೆಟ್ಟಿಗೆ ತುರುಕಿದರೆ ಸುಕ್ಕುಗಳ ಏಣಿನಲ್ಲಿ ಬಣ್ಣ ಹೋಗಿ ಅಡ್ಡಾದಿಡ್ಡಿ ಬಿಳಿ ಗೆರೆ ಬೀಳುತ್ತದೆ, ಮತ್ತೆ ಅದು ಹೋಗುವುದಿಲ್ಲ. ಸ್ಯಾನ್‌ಫರೈಸ್ಡ್ ಆದರೆ ಉಗುರುಬೆಚ್ಚಗಿನ ನೀರು, ಅರ್ಧ ಮುಕ್ಕಾಲು ಗಂಟೆ. ಅಲ್ಲದಿದ್ದರೆ ಬಚ್ಚಲ ಹಂಡೆಯಿಂದ ಕೈ ಇಡಲಾಗದಷ್ಟು ಬಿಸಿನೀರು, ಒಂದು ಗಂಟೆ. ತೇಲಿದರೆ ಮೇಲೆ ತಟ್ಟೆಯಿಟ್ಟು ಒತ್ತಿ. ಸೋಪು ಬೇಡ. ನೀರು ಚಹಾದ ಬಣ್ಣಕ್ಕೋ ತೆಳು ನೀಲಿಗೋ ತಿರುಗಿದರೆ ಗಾಬರಿ ಬೇಡ. ಹಿಂಡದೆ ಎತ್ತಿ, ಸೊಂಟದಿಂದ ನೇತುಹಾಕಿ, ನೆರಳಲ್ಲಿ ಗಾಳಿಗೆ ಒಣಗಿಸಿ.

ಉದ್ದ ಜಾಸ್ತಿಯಾದರೆ ಕತ್ತರಿಸಿ ಅಂಚು ಹೊಲಿಸುವುದು ಇದಾದ ಮೇಲೆಯೇ. ಮುಂಚೆ ಹೊಲಿಸಿ ಆಮೇಲೆ ಕುಗ್ಗಿದರೆ ಅಷ್ಟೇ. ಕತ್ತರಿಸಿದ ತುಂಡು ಟೈಲರ್ ಹತ್ತಿರ ಬಿಟ್ಟು ಬರಬೇಡಿ, ಕೇಳಿ ತಗೊಳ್ಳಿ. ಅದೇ ಬಣ್ಣದ ಅದೇ ಬಟ್ಟೆಯ ತೇಪೆ ಮತ್ತೆಲ್ಲೂ ಸಿಗುವುದಿಲ್ಲ.

ಹಾಕುವ ಕಾಲ

ಮೊದಲ ಎರಡು ತಿಂಗಳಲ್ಲಿ ಮಡಿಕೆಗಳು ತಮ್ಮ ಜಾಗ ಹಿಡಿಯುತ್ತವೆ. ಸೊಂಟದ ಕೆಳಗೆ ಬೆಕ್ಕಿನ ಮೀಸೆಯ ಥರ ಅಡ್ಡ ಗೆರೆಗಳು, ಅವಕ್ಕೆ ವಿಸ್ಕರ್ ಅಂತಲೇ ಹೆಸರು. ಮಂಡಿಯ ಹಿಂದೆ ಜೇನುಗೂಡಿನ ಕಣ್ಣುಗಳಂತೆ ಬರುವುದು ಹನಿಕೋಂಬ್. ಪಾದದ ಹತ್ತಿರ ಬಟ್ಟೆ ರಾಶಿ ಬಿದ್ದು ಮೂಡುವ ಉಂಗುರಗಳು ಸ್ಟ್ಯಾಕ್ಸ್. ಇವೆಲ್ಲ ನಿಮ್ಮ ಮೈಕಟ್ಟು, ನೀವು ಕೂರುವ ರೀತಿ, ಜೇಬಿನಲ್ಲಿ ಇಟ್ಟ ಮೊಬೈಲು, ಕೀ ಗೊಂಚಲು ಇವುಗಳ ಗುರುತು. ಇದಕ್ಕಾಗಿ ವಿಶೇಷ ಏನೂ ಮಾಡಬೇಕಿಲ್ಲ, ಹಾಕಿಕೊಂಡು ನಿಮ್ಮ ಕೆಲಸ ಮಾಡಿ ಅಷ್ಟೇ. ಮರಳು ಕಾಗದದಿಂದ ಉಜ್ಜುವವರನ್ನು ನೋಡಿದ್ದೇನೆ. ಅದು ಕಷ್ಟಪಟ್ಟು ದುಡ್ಡು ಕೊಟ್ಟು ತಂದ ಬಟ್ಟೆಯನ್ನು ಕೈಯಾರೆ ಹಾಳು ಮಾಡುವುದು.

ಗೆರೆ ಇನ್ನೂ ಚೂಪಾಗಿ ಬೇಕು ಅನ್ನುವವರು ಅನ್ನ ಬಸಿದ ಗಂಜಿ ತಿಳಿಯನ್ನು ನೀರು ಬೆರೆಸಿ ಮಂಡಿಯ ಹಿಂದೆ, ತೊಡೆಯ ಮೇಲ್ಭಾಗಕ್ಕೆ ಸವರಿ ಒಣಗಿಸಬಹುದು. ಕೆಲಸ ಮಾಡುತ್ತದೆ. ಆದರೆ ಬಿರುಸು ಬಟ್ಟೆ ಮಡಿಕೆಯ ಏಣಿನಲ್ಲಿ ಬೇಗ ಮುರಿಯುತ್ತದೆ. ಚಳಿಗಾಲದಲ್ಲಿ ಮಾತ್ರ ಮಾಡಿ, ಶಿವರಾತ್ರಿ ಹೊತ್ತಿಗೆ ಒಗೆದು ತೆಗೆಯಿರಿ.

ಬೈಕ್ ಓಡಿಸುವವರಿಗೆ ಬೇರೆಯದೇ ನಕಾಶೆ ಮೂಡುತ್ತದೆ. ಟ್ಯಾಂಕ್ ತಾಗುವ ಒಳತೊಡೆ ಬೇಗ ಬಿಳಿಯಾಗುತ್ತದೆ, ಸೀಟು ತಾಗುವ ಹಿಂಭಾಗವೂ ಹಾಗೇ. ಸಾಗರ ರಸ್ತೆಯ ಕೆಂಪು ಧೂಳು ನೂಲಿನ ನಡುವೆ ಕೂತು ಒಳಗಿಂದಲೇ ಉಜ್ಜುತ್ತದೆ. ಧೂಳು ಹಿಡಿದ ಪ್ಯಾಂಟನ್ನು ದಿನವೂ ಒಮ್ಮೆ ಜಾಡಿಸಿ, ವಾರಕ್ಕೊಮ್ಮೆ ಒಣ ಬ್ರಷ್ ಹೊಡೆಯಿರಿ, ಒಗೆಯುವಷ್ಟೇ ಉಪಯೋಗ. ಮೊದಮೊದಲು ನೀಲಿ ಎಲ್ಲದಕ್ಕೂ ಅಂಟುತ್ತದೆ. ಬಿಳಿ ಶೂ, ತಿಳಿ ಬಣ್ಣದ ಸೋಫಾ, ನೆಂಟರ ಮನೆಯ ಚಾಪೆ ಇವುಗಳಿಂದ ದೂರ ಇರಿ.

ಯಾವಾಗ ಒಗೆಯುವುದು

ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಒಂದು ಪರೀಕ್ಷೆಯ ಸುದ್ದಿ ಬಂತು. ಒಬ್ಬ ವಿದ್ಯಾರ್ಥಿ ರಾ ಜೀನ್ಸನ್ನು 15 ತಿಂಗಳು ಒಗೆಯದೆ ಹಾಕಿದ. ಅದರಲ್ಲಿದ್ದ ಬ್ಯಾಕ್ಟೀರಿಯಾ, ಒಗೆದು ಎರಡು ವಾರ ಹಾಕಿದಾಗ ಇದ್ದಷ್ಟೇ ಇತ್ತು. ಒಗೆಯದವರೆಲ್ಲ ಈ ಕಥೆ ಹೇಳುತ್ತಾರೆ. ಅದು ಚಳಿ ಊರು, ಒಣ ಗಾಳಿ. ಇಲ್ಲಿ ಮಾರ್ಚ್ ಬಂತೆಂದರೆ ಬೆವರು ತೊಡೆಸಂದಿಯಿಂದ ಇಳಿಯುತ್ತದೆ. ಬೆವರಿನ ಉಪ್ಪು, ಮೈಯ ಜಿಡ್ಡು, ಧೂಳು ಎಲ್ಲ ಸೇರಿ ನೂಲನ್ನು ಕೊರೆಯುತ್ತವೆ. ಬೇಸಿಗೆಯಲ್ಲಿ ದಿನಾ ಹಾಕುವವರು ಮೂರು ನಾಲ್ಕು ವಾರಕ್ಕೊಮ್ಮೆ ಒಗೆಯಿರಿ, ಚಳಿಗಾಲದಲ್ಲಿ ಎರಡು ತಿಂಗಳವರೆಗೆ ತಳ್ಳಬಹುದು. ಸ್ವಲ್ಪ ಫೇಡಿನ ಗಡುಸು ಕಡಿಮೆಯಾದೀತು, ಪ್ಯಾಂಟ್ ಎರಡು ವರ್ಷ ಜಾಸ್ತಿ ಬಾಳುತ್ತದೆ. ನನಗೆ ಈ ವ್ಯಾಪಾರ ಒಪ್ಪಿಗೆ. ಫ್ರೀಜರಿನಲ್ಲಿಟ್ಟರೆ ಕ್ರಿಮಿ ಸಾಯುತ್ತವೆ ಅನ್ನುವುದನ್ನೂ ನಂಬಬೇಡಿ, ತಣ್ಣಗಾಗಿ ಮಲಗುತ್ತವೆ, ಮೈಗೆ ಬಂದ ಮೇಲೆ ಮತ್ತೆ ಏಳುತ್ತವೆ.

ಒಗೆಯುವ ಕ್ರಮ ಸರಳ. ಒಳಮೈ ಹೊರಗೆ, ತಣ್ಣೀರು, ಟಬ್ಬಿನಲ್ಲಿ ಮಲಗಿಸಿ ಅರ್ಧ ಗಂಟೆ. ಸೋಪಿಗೆ ಅಂಟುವಾಳ ಕಾಯಿ ನೆನೆಸಿ ಕಿವುಚಿದ ನೀರು ಬಹಳ ಒಳ್ಳೆಯದು. ಇಲ್ಲದಿದ್ದರೆ ಬಣ್ಣದ ಬಟ್ಟೆಗೆಂದೇ ಇರುವ ಲಿಕ್ವಿಡ್. ಬಿಳುಪಿನ ಹೊಳಪು ಕೊಡುವ ಪುಡಿಗಳು ಬೇಡ. ಬ್ಲೀಚಂತೂ ಹತ್ತಿರವೂ ಬೇಡ, ಅದು ಇಂಡಿಗೋವನ್ನು ಸುಟ್ಟು ಹತ್ತಿಯನ್ನೂ ಕೊರೆಯುತ್ತದೆ. ಒಗೆಯುವ ಕಲ್ಲಿನ ಮೇಲೆ ಎತ್ತಿ ಬಡಿಯಬೇಡಿ. ಅಮ್ಮನಿಗೋ ಕೆಲಸಕ್ಕೆ ಬರುವ ಅಕ್ಕನಿಗೋ ಇದನ್ನು ಮೊದಲೇ ಹೇಳಿಡಿ, ಅವರು ಪ್ರೀತಿಯಿಂದ ಬ್ರಷ್ ಹಾಕಿ ತಿಕ್ಕಿ ಇಟ್ಟುಬಿಡುತ್ತಾರೆ.

ಕಲೆಗಳ ವಿಷಯಕ್ಕೆ ಬಂದರೆ ನಮ್ಮ ಕಡೆಯವು ಬೇರೆ ಯಾವ ಪುಸ್ತಕದಲ್ಲೂ ಇಲ್ಲ. ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ರಸ, ಬಿದ್ದರೆ ಆ ಕ್ಷಣವೇ ಬರೀ ನೀರಿನಲ್ಲಿ ತೊಳೆಯಿರಿ, ಸೋಪು ಮೊದಲೇ ತಾಗಿಸಬೇಡಿ, ಕಲೆ ಗಟ್ಟಿಯಾಗುತ್ತದೆ. ಒಣಗಿದರೆ ಮುಗಿಯಿತು. ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರು ತಾಗಿದರೆ ಕಪ್ಪಗಾಗುತ್ತದೆ, ಚೊಗರಿನ ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಆಗುವುದೇ ಹಾಗೆ. ಸಾಗರದ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯವರು ಇದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ, ಅಂದಮೇಲೆ ಅದು ಎಷ್ಟು ಗಟ್ಟಿ ಬಣ್ಣ ಅಂತ ಲೆಕ್ಕ ಹಾಕಿ. ಬಾಳೆ ಸೋನೆಯೂ ಅಷ್ಟೇ, ಹೋಗುವುದಿಲ್ಲ. ಉಂಬಳ (ಜಿಗಣೆ) ಕಚ್ಚಿ ರಕ್ತ ಇಳಿದರೆ ತಣ್ಣೀರಿನಲ್ಲಿ ನೆನೆಸಿ, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಕೆಸರನ್ನು ಒಣಗಲು ಬಿಟ್ಟು ಬ್ರಷ್ ಮಾಡಿ. ಬೈಕ್ ಚೈನಿನ ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ ಹತ್ತು ನಿಮಿಷ ಬಿಟ್ಟು ಒಗೆಯಿರಿ.

ಮಳೆಗಾಲ ದಾಟಿಸುವುದು

ಹತ್ತಿ ಅಂದರೆ ಸೆಲ್ಯುಲೋಸ್. ಬೂಷ್ಟಿಗೆ ಅದು ಊಟ. ಬಟ್ಟೆಯ ಮೇಲೆ ಕಾಣುವ ಕಪ್ಪು ಚುಕ್ಕೆಯನ್ನು ಒರೆಸಿದರೆ ಹೋಯ್ತು ಅಂದುಕೊಳ್ಳುತ್ತೇವೆ, ಅಷ್ಟರಲ್ಲಿ ಅದು ನೂಲನ್ನು ತಿಂದು ಮುಗಿಸಿರುತ್ತದೆ. ಜೂನಿನಲ್ಲಿ ಗಟ್ಟಿ ಇದ್ದ ಪ್ಯಾಂಟು ಸೆಪ್ಟೆಂಬರಿನಲ್ಲಿ ತೆಗೆದು ಹಾಕಿ ಕುಕ್ಕರಿಸಿದಾಗ ಪರ್ರ್ ಅಂದರೆ ಕಾರಣ ಇದೇ.

ಮೃಗಶಿರಾ ಮಳೆ ಶುರುವಾಗುವ ಮುಂಚೆ, ಅಂದರೆ ಮೇ ಕೊನೆಯ ಒಳ್ಳೇ ಬಿಸಿಲು ಇರುವಾಗ, ಪ್ಯಾಂಟನ್ನು ಚೆನ್ನಾಗಿ ಒಗೆಯಿರಿ. ಗಂಜಿ, ಬೆವರು, ಜಿಡ್ಡು ಏನೂ ಉಳಿಯಬಾರದು. ಸೊಂಟದ ಪಟ್ಟಿ ಮತ್ತು ಜೇಬಿನ ಮೂಲೆ ಹಲವು ಪದರ ಇರುವ ಜಾಗಗಳು, ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ತಂಪು ಇರುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ತಾಗಿದರೆ ಇನ್ನೊಂದು ದಿನ. ಆಮೇಲೆ ಹಳೇ ಹತ್ತಿಯ ಪಂಚೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಅಲ್ಲೇ ಕೊಳೆಸುತ್ತದೆ. ಗೋಡೆಗೆ ತಾಗಿದ ಕಬ್ಬಿಣದ ಬೀರುವೂ ಬೇಡ, ಮಲೆನಾಡಿನ ಗೋಡೆ ಆಷಾಢದಲ್ಲಿ ಬೆವರುತ್ತದೆ.

ಮಳೆಯಲ್ಲೂ ಇದನ್ನೇ ಹಾಕಬೇಕಾದವರು ಎರಡು ಪ್ಯಾಂಟು ಇಟ್ಟುಕೊಳ್ಳಿ. ಒಂದು ಒಣಗುವವರೆಗೆ ಇನ್ನೊಂದು. ಅಂಚನ್ನು ಮೇಲೆ ಮಡಚಿ ನಡೆಯಿರಿ. ಕೆಸರಲ್ಲಿ ಎಳೆದಾಡುವ ಅಂಚು ಹಿಮ್ಮಡಿಯ ಹತ್ತಿರ ಮೊದಲು ಕೊಳೆಯುತ್ತದೆ. ನೆನೆದು ಬಂದ ಪ್ಯಾಂಟನ್ನು ಅದೇ ರಾತ್ರಿ ತಿಳಿನೀರಲ್ಲಿ ಅದ್ದಿ, ಒಳಮೈ ಹೊರಗೆ ಮಾಡಿ, ಜೇಬುಗಳನ್ನು ಹೊರಗೆಳೆದು, ಬಚ್ಚಲು ಒಲೆಯ ಮೇಲಿನ ಬಿದಿರಿಗೆ ಹಾಕಿ. ಹೊಗೆ ವಾಸನೆ ಬರುತ್ತದೆ, ಬರಲಿ. ಕಮಟು ವಾಸನೆಗಿಂತ ವಾಸಿ, ಅಲ್ವಾ? ಬೆಂಕಿಗೆ ತೀರಾ ಹತ್ತಿರ ಮಾತ್ರ ಬೇಡ. ಪೇಟೆ ಮನೆಯವರು ಫ್ಯಾನಿನ ಕೆಳಗೆ ಎರಡು ಹ್ಯಾಂಗರಿನಲ್ಲಿ ಸೊಂಟ ಅಗಲಿಸಿ ಹಾಕಿ, ಒಳಗೆ ಗಾಳಿ ಹೋಗಬೇಕು.

ತೂತು ಬೀಳುವ ಮುಂಚೆ ಕಂಡುಹಿಡಿಯುವುದು

ಪ್ರತಿ ಸಲ ಒಗೆದು ಒಣಗಿದ ಮೇಲೆ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಳಗೆ ಒಂದು ಕೈ ಹಾಕಿ ಬಟ್ಟೆ ಅಗಲಿಸಿ ತೊಡೆಸಂದಿ ನೋಡಿ. ನಾಲ್ಕು ಹೊಲಿಗೆ ಬಂದು ಸೇರುವ ಜಾಗದಿಂದ ಎರಡು ಬೆರಳು ಆಚೆ, ಒಳತೊಡೆಯ ಕಡೆ, ಬೆಳಕು ಬೇರೆ ಕಡೆಗಿಂತ ಜಾಸ್ತಿ ತೂರಿ ಬರುತ್ತಿದ್ದರೆ ಬಟ್ಟೆ ತೆಳ್ಳಗಾಗಿದೆ. ಇನ್ನೂ ಹತ್ತಿರ ಹೋಗಿ. ನೀಲಿ ನೂಲುಗಳು ಉದ್ದಕ್ಕೆ ಹೋಗುತ್ತಾ ಒಂದು ಕಡೆ ನಯವಾಗಿ, ಕೂದಲಿನಷ್ಟು ತೆಳ್ಳಗಾಗಿ, ಕೆಲವು ತುಂಡಾಗಿ ನಿಂತಿರುತ್ತವೆ. ಅವುಗಳ ಹಿಂದೆ ಬಿಳಿ ಹೊಕ್ಕಿನ ನೂಲುಗಳು ಅಡ್ಡಡ್ಡ ಸಾಲಾಗಿ ಬರಿಮೈಯಲ್ಲಿ ಕಾಣುತ್ತವೆ. ಹೊರಗೆ ಚಾಚಿಕೊಂಡಿರುವ ಹಾಸಿನ ನೂಲೇ ಮೊದಲು ಸವೆದು ಹರಿಯುವುದು, ಹೊಕ್ಕು ಸ್ವಲ್ಪ ದಿನ ಒಂಟಿಯಾಗಿ ತಡೆಯುತ್ತದೆ. ಬಿಳಿ ಸಾಲು ಕಂಡ ವಾರದಲ್ಲೇ ಟೈಲರ್ ಹತ್ತಿರ ಹೋಗಿ. ಈ ಹಂತದಲ್ಲಿ ಹೊಲಿಸಿದರೆ ತೇಪೆ ಹೊರಗೆ ಕಾಣುವುದೇ ಇಲ್ಲ. ಹೊಕ್ಕೂ ಹರಿದು ತೂತಾದ ಮೇಲೆ ಕೆಲಸ ನಾಲ್ಕು ಪಟ್ಟು, ಚೆಂದ ಅರ್ಧ.

ಟೈಲರ್ ಹತ್ತಿರ ಏನು ಹೇಳಬೇಕು

ಶಿವಮೊಗ್ಗದ ದುರ್ಗಿಗುಡಿ, ಗಾಂಧಿ ಬಜಾರ್ ಸುತ್ತಮುತ್ತ, ತೀರ್ಥಹಳ್ಳಿ-ಸಾಗರದ ಬಸ್ ನಿಲ್ದಾಣದ ಹತ್ತಿರ, ರಿಪೇರಿ ಮಾಡುವ ಟೈಲರುಗಳು ಸಿಗುತ್ತಾರೆ. ಹೊಸ ಬಟ್ಟೆ ಹೊಲಿಯುವ ದೊಡ್ಡ ಅಂಗಡಿಗೆ ಹೋಗಬೇಡಿ, ಅವರಿಗೆ ಇದಕ್ಕೆ ಪುರುಸೊತ್ತಿಲ್ಲ. ಒಂದೇ ಮಿಷನ್ ಇಟ್ಟುಕೊಂಡು ಝಿಪ್ಪು, ಅಂಚು, ಚೀಲ ಅಂತ ದಿನವಿಡೀ ರಿಪೇರಿಯನ್ನೇ ಮಾಡುವವರು ಬೇಕು. ಅವರು ಮೊದಲು "ಇದು ಹಳೇದಾಯ್ತು, ಹೊಸದು ತಗೊಳ್ಳಿ ಸಾರ್" ಅಂತಾರೆ. ಇಲ್ಲದಿದ್ದರೆ ದಪ್ಪ ಬಟ್ಟೆಯ ತುಂಡಿಟ್ಟು ಸುತ್ತ ಚೌಕ ಹೊಲಿಗೆ ಹಾಕಲು ಹೊರಡುತ್ತಾರೆ. ತಡೆಯಿರಿ. "ಅಣ್ಣಾ, ತೇಪೆ ಒಳಗಿಂದ, ತೆಳು ಬಟ್ಟೆ ಇಡಿ, ಮೇಲೆ ಒತ್ತೊತ್ತಾಗಿ ರಫೂ ಮಾಡಿ" ಅಂತ ಹೇಳಿ, ಪಕ್ಕದಲ್ಲೇ ನಿಲ್ಲಿ.

ಸ್ವಂತ ಮಿಷನ್ ಇದ್ದವರು ತಾವೇ ಮಾಡಬಹುದು. ಕ್ರಮ ಹೀಗೆ.

1. ಒಗೆದು ಒಣಗಿಸಿ. ಧೂಳಿನ ಬಟ್ಟೆ ಸೂಜಿಯನ್ನು ಮೊಂಡು ಮಾಡುತ್ತದೆ, ಕೊಳೆ ಪ್ಯಾಂಟನ್ನು ಟೈಲರ್ ಕೈಗೆ ಕೊಡುವುದು ಮರ್ಯಾದೆಯೂ ಅಲ್ಲ.

2. ತೆಳ್ಳಗಾದ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಗುರುತಿನಿಂದ ಒಂದು ಇಂಚು ಆಚೆಗೆ, ಗಟ್ಟಿ ಬಟ್ಟೆಯವರೆಗೆ, ಇನ್ನೊಂದು ಗುರುತು. ಹೊಲಿಗೆ ಅಲ್ಲಿಯವರೆಗೆ ಹೋಗಬೇಕು. ತೆಳು ಜಾಗದ ಅಂಚಿನಲ್ಲೇ ನಿಲ್ಲಿಸಿದರೆ ಮುಂದಿನ ಹರಿತ ಅದೇ ಗೆರೆಗುಂಟ ಬರುತ್ತದೆ.

3. ಒಳಗೆ ಇಡುವ ಬಟ್ಟೆ ತೊಡೆಸಂದಿಗಾದರೆ ತೆಳು ಹತ್ತಿ. ಹಳೇ ಶರ್ಟು, ಪಂಚೆ ಸಾಕು. ಡೆನಿಮ್ ಇಟ್ಟರೆ ತೊಡೆ ಕೆರೆಯುತ್ತದೆ. ಮಂಡಿಗೆ ಡೆನಿಮ್ ಇಡಬಹುದು. ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆ ಬಟ್ಟೆಯನ್ನು ಎಳೆದು ಹರಿಯುತ್ತದೆ. ಕೈಹೊಲಿಗೆಯಲ್ಲಿ ಜಾಗಕ್ಕೆ ಕಚ್ಚಾ ಹಾಕಿ ನಿಲ್ಲಿಸಿ.

4. ನೂಲು ಮಾಮೂಲಿ ಟೈಲರಿಂಗ್ ನೂಲು, ಪ್ಯಾಂಟಿನ ಈಗಿನ ಬಣ್ಣಕ್ಕೆ ಹೊಂದುವ ನೀಲಿ. ಗಟ್ಟಿ ಇರಲಿ ಅಂತ ದಪ್ಪ ನೂಲು ಹಾಕಿದರೆ ಅದು ಸವೆದ ಹತ್ತಿಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಸೂಜಿ 16 ನಂಬರ್, ಹೊಲಿಗೆಗಳು ಸೇರುವ ದಪ್ಪ ಜಾಗಕ್ಕೆ 18.

5. ಮಿಷನ್ನಿನ ಹಲ್ಲನ್ನು ಕೆಳಗಿಳಿಸುವ ಸೌಲಭ್ಯ ಇದ್ದರೆ ಇಳಿಸಿ, ಬಟ್ಟೆಯನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ. ಇಲ್ಲದಿದ್ದರೆ ಬಟ್ಟೆ ಒತ್ತಿ ಹಿಡಿಯುವ ಮಿಷನ್ ಕಾಲಿನ ಒತ್ತಡ ಸಡಿಲ ಮಾಡಿ, ರಿವರ್ಸ್ ಲಿವರ್ ಎತ್ತಿ ಇಳಿಸುತ್ತಾ ಹೋಗಿ. ಹೊಲಿಗೆ ಹಾಸಿನ ದಿಕ್ಕಿನಲ್ಲೇ, ಅಂದರೆ ಕಾಲಿನ ಉದ್ದಕ್ಕೆ ಹೋಗಬೇಕು. ಹರಿದು ಹೋದದ್ದು ಹಾಸಿನ ನೂಲು, ನಾವು ತುಂಬುತ್ತಿರುವುದೂ ಅದನ್ನೇ. ಸಾಲು ಸಾಲು ಒತ್ತಾಗಿ. ಸಾಲುಗಳ ತುದಿ ಒಂದೇ ಗೆರೆಯಲ್ಲಿ ನಿಲ್ಲದಿರಲಿ, ಒಂದು ಉದ್ದ ಒಂದು ಗಿಡ್ಡ ಇರಲಿ.

6. ತೂತೇ ಬಿದ್ದಿದ್ದರೆ ಆಮೇಲೆ ಅಡ್ಡಕ್ಕೂ ವಿರಳವಾಗಿ ನಾಲ್ಕಾರು ಸಾಲು. ಜಾಸ್ತಿ ಹಾಕಿದರೆ ರಟ್ಟಿನಷ್ಟು ಗಡುಸಾಗಿ ನಡೆಯುವಾಗ ಚುಚ್ಚುತ್ತದೆ.

7. ಒಳಗೆ ಉಳಿದ ಬಟ್ಟೆಯ ಅಂಚು ಕತ್ತರಿಸಿ, ಒಮ್ಮೆ ನೀರಲ್ಲಿ ಅದ್ದಿ ಒಣಗಿಸಿ. ಹೊಲಿಗೆ ಕೂರುತ್ತದೆ.

ನಾಲ್ಕು ಹೊಲಿಗೆ ಸೇರುವ ಗಂಟಿನ ಮೇಲೆ ಸೂಜಿ ಮುರಿಯುತ್ತದೆ. ಅನುಭವಿ ಟೈಲರುಗಳು ಆ ಜಾಗವನ್ನು ಮೊದಲು ಸಣ್ಣ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡುತ್ತಾರೆ, ಆಮೇಲೆ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸುತ್ತಾರೆ.

ಮಂಡಿಯ ತೂತಿಗೆ ಇನ್ನೊಂದು ತೊಡಕು. ಕಾಲಿನ ಕೊಳವೆಯೊಳಗೆ ಮಿಷನ್ ಹೋಗುವುದಿಲ್ಲ. ಹೊರಬದಿಯ ಉದ್ದ ಹೊಲಿಗೆಯನ್ನು ಒಂದು ಗೇಣಿನಷ್ಟು ಬಿಚ್ಚಿಸಿ. ಒಳಬದಿಯದು ಸಾಮಾನ್ಯವಾಗಿ ಮಡಚಿ ಎರಡು ಸಾಲು ಹೊಲಿದದ್ದು, ಅದನ್ನು ಬಿಚ್ಚಿದರೆ ಮತ್ತೆ ಹಾಗೇ ಕೂರಿಸುವುದು ಕಷ್ಟ. ಇಲ್ಲದಿದ್ದರೆ ಕೈಯಲ್ಲೇ ಹಾಕಿ. ಜಪಾನಿನವರ ಸಾಶಿಕೋ ಹೊಲಿಗೆಯ ಚಿತ್ರ ನೋಡಿ ಅದಕ್ಕೆ ವಿಶೇಷ ಕಿಟ್ ತರಿಸುವವರಿದ್ದಾರೆ. ಉತ್ತರ ಕರ್ನಾಟಕದ ಕೌದಿ, ಯಲ್ಲಾಪುರ-ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕವಂದಿ, ಎರಡರಲ್ಲೂ ಇರುವುದು ಅದೇ ಸಾದಾ ಉದ್ದ ಹೊಲಿಗೆ, ಹಳೇ ಬಟ್ಟೆಯನ್ನು ಪದರ ಪದರ ಹಿಡಿದು ನಿಲ್ಲಿಸುವ ಹೊಲಿಗೆ. ಮನೆಯಲ್ಲಿ ಅಜ್ಜಿಗೆ ಗೊತ್ತಿದ್ದರೆ ಕೇಳಿ. ಒಳಗೆ ಬಟ್ಟೆಯಿಟ್ಟು, ದಪ್ಪ ಹತ್ತಿ ನೂಲಲ್ಲಿ, ಕಾಲು ಇಂಚಿಗಿಂತ ಕಮ್ಮಿ ಅಂತರದ ಸಾಲುಗಳು. ಪ್ರತಿ ಸಾಲಿನ ಕೊನೆಗೆ ನೂಲನ್ನು ಸ್ವಲ್ಪ ಸಡಿಲ ಬಿಡಿ, ಬಿಗಿ ಎಳೆದರೆ ಮಂಡಿ ಮಡಚಿದಾಗ ಬಟ್ಟೆ ಸುಕ್ಕಾಗುತ್ತದೆ. ಇಲ್ಲಿ ದಪ್ಪ ನೂಲು ನಡೆಯುತ್ತದೆ, ಹೊಲಿಗೆ ವಿರಳ ಇರುವುದರಿಂದ ಮತ್ತು ಮುಕ್ಕಾಲು ಭಾರ ಒಳಗಿನ ಬಟ್ಟೆಯೇ ಹೊರುವುದರಿಂದ.

ಇಸ್ತ್ರಿ ಹಾಕಿ ಅಂಟಿಸುವ ತೇಪೆಗಳು ಸಿಗುತ್ತವೆ. ತುರ್ತಿಗೆ ಸರಿ. ನಾಲ್ಕು ಒಗೆತಕ್ಕೆ ಅಂಚು ಏಳುತ್ತದೆ, ಆಮೇಲೆ ಅದರ ಮೇಲೆ ಹೊಲಿಯಲು ಹೋದರೆ ಗೋಂದು ಸೂಜಿಗೆ ಮೆತ್ತಿಕೊಳ್ಳುತ್ತದೆ.

ಜೇಬು, ಅಂಚು, ಇತರೆ

ಜೀನ್ಸಿನ ಚರಿತ್ರೆ ಶುರುವಾದದ್ದೇ ಹರಿದ ಜೇಬಿನಿಂದ. ಅಮೆರಿಕದ ನೆವಾಡಾದ ಜೇಕಬ್ ಡೇವಿಸ್ ಅನ್ನುವ ಟೈಲರ್ ಕೂಲಿಯವರ ಪ್ಯಾಂಟಿನ ಜೇಬು ಹರಿಯದಿರಲಿ ಅಂತ ಮೂಲೆಗೆ ತಾಮ್ರದ ರಿವೆಟ್ ಹೊಡೆದ, ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ತಗೊಂಡ. ಇವತ್ತಿಗೂ ರಿವೆಟ್ ಇರುವ ಮೂಲೆ ಗಟ್ಟಿ, ಹರಿಯುವುದು ಅದರ ಪಕ್ಕದ ಬಟ್ಟೆ. ಹಿಂದಿನ ಜೇಬಿನಲ್ಲಿ ಮೊಬೈಲ್ ಇಡುವವರದು ಕೆಳಮೂಲೆಯಲ್ಲಿ ತೂತಾಗುತ್ತದೆ. ಜೇಬಿನ ಒಂದು ಬದಿ ಬಿಚ್ಚಿ, ಒಳಗಿಂದ ತೇಪೆಯಿಟ್ಟು ರಫೂ ಮಾಡಿ, ಮತ್ತೆ ಹಳೇ ಹೊಲಿಗೆ ತೂತುಗಳಲ್ಲೇ ಹೊಲಿದರೆ ಗೊತ್ತೇ ಆಗುವುದಿಲ್ಲ. ಮುಂದಿನ ಜೇಬಿನ ಒಳಚೀಲ ಕೀಗಳಿಂದ ಹರಿದರೆ ಅರ್ಧಕ್ಕೆ ಕತ್ತರಿಸಿ ಹೊಸ ಜೇಬಿನ ಬಟ್ಟೆ ಕೂಡಿಸುವುದು ಯಾವ ಟೈಲರಿಗಾದರೂ ಹತ್ತು ನಿಮಿಷದ ಕೆಲಸ.

ಬೆಲ್ಟಿನ ಲೂಪು ಹಿಡಿದು ಪ್ಯಾಂಟ್ ಮೇಲೆಳೆಯುವ ಅಭ್ಯಾಸ ಬಿಡಿ. ಲೂಪು ಕಿತ್ತರೆ ಅದರ ಜೊತೆ ಸೊಂಟದ ಪಟ್ಟಿಯ ಬಟ್ಟೆಯೂ ಬರುತ್ತದೆ. ಹೊಲಿಸುವಾಗ ಹಿಂದೆ ಡೆನಿಮ್ ತುಂಡು ಇಡಿಸಿ, ಬರೀ ಲೂಪನ್ನು ತೂತಿನ ಮೇಲೆ ಹೊಲಿದರೆ ನಿಲ್ಲುವುದಿಲ್ಲ.

ಅಂಚು ಸವೆದು ಎಳೆ ಬಿಟ್ಟರೆ ಒಳಗಡೆಯಿಂದ ತೆಳು ಹತ್ತಿ ಪಟ್ಟಿ ಮಡಚಿ ಹೊಲಿಸಿ, ಹಗ್ಗ ಹೊಸೆದ ಹಾಗೆ ಓರೆಯಾಗಿ ಮೂಡಿದ ಫೇಡ್ ಉಳಿಯುತ್ತದೆ. ಕತ್ತರಿಸಿ ಹೊಸದಾಗಿ ಮಡಚಿದರೆ ಆ ಫೇಡ್ ಹೋಯಿತು. ಕಂಪನಿ ಹಾಕಿದ ಅಂಚು ಚೈನ್ ಸ್ಟಿಚ್ ಆಗಿದ್ದರೆ ತುದಿಯ ನೂಲು ಎಳೆದಾಡಬೇಡಿ, ಇಡೀ ಸುತ್ತು ಸರ್ರನೆ ಬಿಚ್ಚಿಕೊಳ್ಳುತ್ತದೆ. ನಮ್ಮ ಟೈಲರುಗಳ ಮಿಷನ್ನಿನಲ್ಲಿ ಆ ಹೊಲಿಗೆ ಬರುವುದಿಲ್ಲ, ಸಾದಾ ಹೊಲಿಗೆ ಹಾಕುತ್ತಾರೆ, ಬಾಳಿಕೆಗೆ ಅದೇ ಒಳ್ಳೆಯದು.

ರಫೂ ಮಾಡಿದ ಜಾಗದ ಪಕ್ಕದಲ್ಲೇ ಮತ್ತೆ ಮತ್ತೆ ಹರಿಯಲು ಶುರುವಾದರೆ, ಎರಡು ಬೆರಳಲ್ಲಿ ಹಿಡಿದು ಎಳೆದರೆ ಬಟ್ಟೆ ಹಿಂಜಿಕೊಂಡರೆ, ಇನ್ನು ಹೊಲಿಗೆಗೆ ದುಡ್ಡು ಹಾಕಬೇಡಿ. ಬೂಷ್ಟು ತಿಂದ ಬಟ್ಟೆಯೂ ಹೀಗೇ, ಹೊಲಿಗೆ ನಿಲ್ಲುವುದಿಲ್ಲ. ಆಗ ಮಂಡಿಯಿಂದ ಕೆಳಗೆ ಕಾಲಿನ ಹಿಂಭಾಗ ಕತ್ತರಿಸಿಡಿ. ಇಡೀ ಪ್ಯಾಂಟಿನಲ್ಲಿ ಕಮ್ಮಿ ಸವೆಯುವುದು ಅದೇ ಜಾಗ, ಮೀನಖಂಡದ ಹತ್ತಿರ. ಮುಂದಿನ ಪ್ಯಾಂಟಿನ ಮಂಡಿಗೆ ಆಗುವಷ್ಟು ಒಳ್ಳೇ, ಹದವಾಗಿ ಒಗೆದು ಮೆತ್ತಗಾದ ಡೆನಿಮ್ ಎರಡು ಕಾಲಿನಿಂದಲೂ ಸಿಗುತ್ತದೆ. ಬಟನ್ನು ಮತ್ತು ರಿವೆಟ್ ಸುತ್ತಲಿನ ಬಟ್ಟೆ ಬಿಸಾಡಿ, ಲೋಹದ ತುಕ್ಕು ಅಲ್ಲಿ ಮೊದಲೇ ಹಿಡಿದಿರುತ್ತದೆ.